ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಮೇಲೆ: ಕ್ಯಾನ್ಸರ್ ಮೈಯಲ್ಲಿ ಮಾಡುವುದೇನು, ಮುಂಬೈಯಲ್ಲಿ ನೀವು ಮಾಡಬೇಕಾದ್ದೇನು

ಡೊಂಬಿವಲಿ, ಭಾಂಡುಪ್, ಮೀರಾ ರೋಡ್ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಬಯಾಪ್ಸಿ ಮಾಡಿಸಿದರೆ ರೋಗ ಹರಡುತ್ತದಂತೆ, ಹೌದೇ? ರಿಪೋರ್ಟಿನಲ್ಲಿ ಗ್ರೇಡ್ 3 ಅಂತ ಬರೆದಿದೆ, ಅಂದರೆ ಮೂರನೇ ಸ್ಟೇಜೇ? ಊರಿಂದ ಅಪ್ಪನನ್ನು ಕರೆಸಿಕೊಳ್ಳುತ್ತಿದ್ದೇವೆ, ಟಾಟಾ ಆಸ್ಪತ್ರೆಗೆ ಹೋಗುವಾಗ ಏನೇನು ಒಯ್ಯಬೇಕು? ಹೊಟ್ಟೆತುಂಬ ಉಣ್ಣುತ್ತಿದ್ದರೂ ಅಮ್ಮ ಯಾಕೆ ಇಷ್ಟು ಸೊರಗುತ್ತಿದ್ದಾರೆ? ಈ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರ ಕೊಟ್ಟರೆ ಅರ್ಧಂಬರ್ಧ ತಿಳಿಯುತ್ತದೆ. ಹಾಗಾಗಿ ಮೊದಲಿಂದ ಕೊನೆಯವರೆಗೆ ಒಂದೇ ಕಡೆ ಬರೆದಿದ್ದೇವೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಕ್ಯಾನ್ಸರಿನಲ್ಲಿ ಮೊದಲ ಸಲ ಮಾಡುವ ಚಿಕಿತ್ಸೆಯೇ ಗುಣವಾಗಲು ಸಿಗುವ ಅತಿ ದೊಡ್ಡ ಅವಕಾಶ. ಅದು ಕೆಟ್ಟರೆ ಎರಡನೇ ಸಲ ಅಷ್ಟೇ ಚೆನ್ನಾಗಿ ಸರಿಪಡಿಸುವುದು ಬಲು ಕಷ್ಟ. ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ತಪಾಸಣೆ ಮುಗಿಯುವ ಮೊದಲೇ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಗಡ್ಡೆ ತೆಗೆಸಿಬಿಡುತ್ತಾರೆ. ಇನ್ನು ಕೆಲವರು ಹೆದರಿ ನಾಟಿ ಔಷಧ, ಹರಕೆ ಎಂದು ಮೂರು ತಿಂಗಳು ಕಳೆಯುತ್ತಾರೆ. ಹೆಚ್ಚಿನ ಗಡ್ಡೆಗಳಲ್ಲಿ ಸರಿಯಾದ ತಪಾಸಣೆಗೆ ಎರಡು-ಮೂರು ವಾರ ಹಿಡಿದರೆ ನಷ್ಟವಿಲ್ಲ, ಮೂರು ತಿಂಗಳು ಹೋದರೆ ನಷ್ಟವಿದೆ. ಇದಕ್ಕೆ ಹೊರತಾದದ್ದು ಅಕ್ಯೂಟ್ ಲ್ಯುಕೀಮಿಯಾ, ಅಂದರೆ ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಅಲ್ಲಿ ದಿನಗಳ ಲೆಕ್ಕ. ಅದೇ ದಿನ ಆಸ್ಪತ್ರೆಗೆ ಹೋಗಿ.

ರೋಗದ ಹಂತಕ್ಕೆ ಎಲ್ಲರೂ ಹೇಳುವಂತೆ ‘ಸ್ಟೇಜ್’ ಎಂದೇ ಬರೆಯುತ್ತೇವೆ. ನೀವು ಮಾಡಬೇಕಾದ ಕೆಲಸಗಳನ್ನು ‘ಹೆಜ್ಜೆ’ ಎಂದಿದ್ದೇವೆ. ಎರಡೂ ಕಲಸಿಹೋಗಬಾರದು.

ಹೆಜ್ಜೆ 1: ರೋಗ ಯಾವುದೆಂದು ತಿಳಿದುಕೊಳ್ಳಿ

ನಮ್ಮ ಮೈಯ ಜೀವಕೋಶಗಳು ಹುಟ್ಟುತ್ತವೆ, ಕೆಲಸ ಮಾಡುತ್ತವೆ, ಸಾಯುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆ ಪ್ರತಿ ಕೋಶದ ಡಿಎನ್‌ಎಯಲ್ಲಿದೆ. ಹೊಗೆಸೊಪ್ಪು, ಕೆಲವು ವೈರಸ್ಸುಗಳು, ವಯಸ್ಸು, ಕೆಲವೊಮ್ಮೆ ಹುಟ್ಟಿನಿಂದ ಬಂದ ದೋಷ, ಇವುಗಳಿಂದ ಆ ಆಜ್ಞೆಯಲ್ಲಿ ತಪ್ಪುಗಳು ಸೇರುತ್ತವೆ. ಬೆಳೆಯಿರಿ ಎನ್ನುವ ಜೀನ್ ಸದಾ ಒತ್ತಿಹಿಡಿದಂತೆ ಉಳಿಯುತ್ತದೆ, ನಿಲ್ಲಿ ಎನ್ನುವ ಜೀನ್ ಕೆಟ್ಟುಹೋಗುತ್ತದೆ. ಒಂದೇ ತಪ್ಪಿನಿಂದ ಸಾಮಾನ್ಯವಾಗಿ ಕ್ಯಾನ್ಸರ್ ಆಗುವುದಿಲ್ಲ. ವರ್ಷಗಳ ಕಾಲ ತಪ್ಪುಗಳು ಒಂದರ ಮೇಲೊಂದು ಕೂಡಬೇಕು. ಇಪ್ಪತ್ತು ವರ್ಷ ಎಲೆ, ಅಡಿಕೆ, ಕಡ್ಡಿಪುಡಿ ಹಾಕಿಕೊಂಡವರಿಗೆ ಐವತ್ತರ ಹೊತ್ತಿಗೆ ಹುಣ್ಣು ಕಾಣಿಸುವುದು ಇದರಿಂದಲೇ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಇಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಹುರಿದ ತಂಬಾಕೇ.

ಒಂದು ಸೆಂಟಿಮೀಟರ್ ಅಗಲದ ಗಡ್ಡೆಯಲ್ಲಿ, ಪಠ್ಯಪುಸ್ತಕಗಳ ಲೆಕ್ಕದಂತೆ, ಸುಮಾರು ನೂರು ಕೋಟಿ ಕೋಶಗಳಿರುತ್ತವೆ. ಒಂದು ಕೋಶ ಮೂವತ್ತು ಸಲ ದುಪ್ಪಟ್ಟಾದರೆ ಅಷ್ಟಾಗುತ್ತದೆ. ಅಂದರೆ ಕೈಗೆ ಸಿಗುವ ಹೊತ್ತಿಗೆ ಗಂಟಿಗೆ ಸಾಕಷ್ಟು ವಯಸ್ಸಾಗಿರುತ್ತದೆ. “ಹೋದ ತಿಂಗಳು ಇರಲೇ ಇಲ್ಲ” ಎಂದು ನಿಮ್ಮನ್ನು ನೀವು ದೂರಿಕೊಳ್ಳಬೇಡಿ.

ಯಾವ ಬಗೆಯ ಕೋಶದಲ್ಲಿ ಹುಟ್ಟಿತು ಎಂಬುದರ ಮೇಲೆ ಹೆಸರು. ಚರ್ಮ, ಬಾಯಿ, ಕರುಳು, ಸ್ತನದಂಥ ಕಡೆ ಹೊದಿಕೆಯ ಇಲ್ಲವೇ ಗ್ರಂಥಿಯ ಕೋಶಗಳಲ್ಲಿ ಹುಟ್ಟಿದ್ದು ಕಾರ್ಸಿನೋಮ. ಎಲುಬು, ಸ್ನಾಯು, ಕೊಬ್ಬಿನಲ್ಲಿ ಹುಟ್ಟಿದ್ದು ಸಾರ್ಕೋಮ. ದುಗ್ಧಗ್ರಂಥಿಗಳಲ್ಲಿ, ಅಂದರೆ ಡಾಕ್ಟರರು ‘ನೋಡ್’ ಎನ್ನುವ ಸಣ್ಣ ಗಂಟುಗಳಲ್ಲಿ ಹುಟ್ಟಿದ್ದು ಲಿಂಫೋಮ. ಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಓಡಾಡುವುದು ಲ್ಯುಕೀಮಿಯಾ. ಸ್ತನದಲ್ಲಿ ಹುಟ್ಟಿ ಎಲುಬಿಗೆ ಹೋಗಿ ಕೂತರೂ ಅದು ಎಲುಬಿನ ಕ್ಯಾನ್ಸರ್ ಅಲ್ಲ, ಸ್ತನದ ಕ್ಯಾನ್ಸರೇ. ಔಷಧವೂ ಸ್ತನದ ಕ್ಯಾನ್ಸರಿನದೇ. “ಈಗ ಎರಡು ಕ್ಯಾನ್ಸರ್ ಆಗಿದೆ” ಎಂದು ಮನೆಯವರು ಕಂಗಾಲಾಗುವುದು ಇಲ್ಲಿಯೇ.

ಹೆಜ್ಜೆ 2: ಮೈಯಲ್ಲಿ ಏನು ನಡೆಯುತ್ತಿದೆ ಎಂದು ಅರಿಯಿರಿ

ಕ್ಯಾನ್ಸರ್ ಮೈಯನ್ನು ಕೆಡಿಸುವುದು ಒಂದೇ ದಾರಿಯಲ್ಲಲ್ಲ. ಯಾವ ತೊಂದರೆ ಯಾವುದರಿಂದ ಬಂತು ಎಂದು ತಿಳಿದರೆ ಡಾಕ್ಟರರಿಗೆ ಸರಿಯಾಗಿ ಹೇಳಬಹುದು.

ಮೊದಲನೆಯದು ಒತ್ತುವುದು, ಅಡ್ಡಗಟ್ಟುವುದು. ಅನ್ನನಾಳದಲ್ಲಿ ಬೆಳೆದರೆ ಮೊದಲು ರೊಟ್ಟಿ ಇಳಿಯುವುದಿಲ್ಲ, ಆಮೇಲೆ ಅನ್ನ, ಕೊನೆಗೆ ನೀರು. ಪಿತ್ತನಾಳದ ಬಳಿ ಬೆಳೆದರೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಚಹಾ ಡಿಕಾಕ್ಷನ್‌ನಂತೆ ಕಪ್ಪಾಗುತ್ತದೆ, ಮಲ ಬಿಳಿಚುತ್ತದೆ, ಮೈ ತುರಿಸುತ್ತದೆ. ಇದನ್ನು ಕಾಮಾಲೆ ಎಂದು ಬೇರಿನ ಔಷಧ ಕುಡಿಸುತ್ತ ಕೂತರೆ ಅಮೂಲ್ಯವಾದ ವಾರಗಳು ಹೋಗುತ್ತವೆ. ಒಂದು ಸೋನೋಗ್ರಫಿ ಮಾಡಿಸಿದರೆ ನಾಳ ಹಿಗ್ಗಿದೆಯೋ ಇಲ್ಲವೋ ಅಂದೇ ಗೊತ್ತಾಗುತ್ತದೆ.

ಎರಡನೆಯದು ರಕ್ತ ಸೋರುವುದು. ದೊಡ್ಡ ಕರುಳಿನ ಬಲಭಾಗದಲ್ಲಿ, ಜಠರದಲ್ಲಿ ಗಡ್ಡೆಯಿದ್ದರೆ ಕಣ್ಣಿಗೆ ಕಾಣದಷ್ಟು ರಕ್ತ ದಿನಾ ಹೋಗುತ್ತಿರುತ್ತದೆ. ಅರವತ್ತು ವರ್ಷದ ಗಂಡಸಿಗೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿದ್ದರೆ ಬರೀ ಕಬ್ಬಿಣದ ಮಾತ್ರೆ ಬರೆಸಿಕೊಂಡು ಬರಬೇಡಿ. ರಕ್ತ ಎಲ್ಲಿಗೆ ಹೋಯಿತು ಎಂದು ಕೇಳಿ. ಮುಟ್ಟು ನಿಂತು ವರ್ಷವಾದ ಮೇಲೆ ಹೆಂಗಸರಿಗೆ ಮತ್ತೆ ರಕ್ತ ಕಂಡರೆ ಒಂದೇ ಸಲ ಕಂಡಿದ್ದರೂ ತಪಾಸಣೆ ಬೇಕು.

ಮೂರನೆಯದು ಸೊರಗುವುದು. ಇದಕ್ಕೆ ಡಾಕ್ಟರರು ಕ್ಯಾಕೆಕ್ಸಿಯಾ ಎನ್ನುತ್ತಾರೆ. ಹಸಿದು ಸೊರಗುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹಸಿವಿನಲ್ಲಿ ಮೈ ಮೊದಲು ಕೊಬ್ಬು ಕರಗಿಸುತ್ತದೆ. ಇಲ್ಲಿ ಗಡ್ಡೆಯೂ ಅದರ ವಿರುದ್ಧ ಮೈಯೂ ಹೊರಬಿಡುವ ಉರಿಯೂತದ ರಾಸಾಯನಿಕಗಳು ಸ್ನಾಯುವನ್ನೇ ಕರಗಿಸುತ್ತವೆ, ಹಸಿವನ್ನೂ ಕೊಲ್ಲುತ್ತವೆ. ತುತ್ತು ತುರುಕಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. “ತಿನ್ನದೆ ಹಟ ಮಾಡುತ್ತಾರೆ” ಎಂದು ರೋಗಿಯನ್ನು ಬೈಯುವುದು ಅನ್ಯಾಯ. ವಾರಕ್ಕೊಮ್ಮೆ, ಅದೇ ತೂಕದ ಯಂತ್ರದಲ್ಲಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಗಿ ಬರೆದಿಡಿ. 60 ಕಿಲೋ ಇದ್ದವರು ಆರು ತಿಂಗಳಲ್ಲಿ 3 ಕಿಲೋ ಇಳಿದಿದ್ದರೆ ಅದು ಶೇ. 5. ಆ ಅಂಕಿಯನ್ನು ಡಾಕ್ಟರರಿಗೆ ಹೇಳಲೇಬೇಕು.

ನಾಲ್ಕನೆಯದು ಹರಡುವುದು. ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ತನಗೆ ಬೇಕಾದ ರಕ್ತನಾಳಗಳನ್ನು ಕರೆಸಿಕೊಳ್ಳಬೇಕು. ಅದೇ ನಾಳಗಳಿಂದ, ದುಗ್ಧನಾಳಗಳಿಂದ ಕೋಶಗಳು ಕಳಚಿಕೊಂಡು ಹೊರಡುತ್ತವೆ. ಹೋದವೆಲ್ಲ ಬದುಕುವುದಿಲ್ಲ. ಹೊಂದುವ ನೆಲ ಸಿಕ್ಕಲ್ಲಿ ಮಾತ್ರ ಬೇರು ಬಿಡುತ್ತವೆ. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ಸರ್ಜನ್ ಇದನ್ನು ಬೀಜ ಮತ್ತು ಮಣ್ಣಿಗೆ ಹೋಲಿಸಿದ್ದ. ದೊಡ್ಡ ಕರುಳಿನ ರಕ್ತ ನೇರ ಯಕೃತ್ತಿಗೆ ಹೋಗುವುದರಿಂದ ಅದರ ಕ್ಯಾನ್ಸರ್ ಹೆಚ್ಚಾಗಿ ಅಲ್ಲಿಗೆ ಹರಡುತ್ತದೆ. ಪ್ರಾಸ್ಟೇಟಿನದು (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯದು) ಎಲುಬಿಗೆ, ಬಾಯಿಯದು ಕತ್ತಿನ ನೋಡ್‌ಗಳಿಗೆ.

ಉಳಿದವು ಚುಟುಕಾಗಿ: ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಹಾಗಾಗಿ ಒಂದೇ ಕಾಲು ಬಾತರೆ ಅಂದೇ ತೋರಿಸಿ. ಎದೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು, ಅಸಂಬದ್ಧ ಮಾತು ಬರುತ್ತವೆ. ಅದನ್ನು ವಯಸ್ಸಿನ ಅರಳುಮರಳು ಎಂದುಕೊಂಡು ಬಿಡಬೇಡಿ.

ಹೆಜ್ಜೆ 3: ಬಯಾಪ್ಸಿ, ಸ್ಲೈಡ್, ಬ್ಲಾಕ್

ಬಯಾಪ್ಸಿ ಎಂದರೆ ಗಡ್ಡೆಯ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸರಿಯಾದ ಕ್ರಮದಲ್ಲಿ, ಸರಿಯಾದ ಜಾಗದಿಂದ ಮಾಡಿದ ಬಯಾಪ್ಸಿಯಿಂದ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅದಿಲ್ಲದೆ ಕೀಮೋವಾಗಲಿ ರೇಡಿಯೇಷನ್ನಾಗಲಿ ಶುರು ಮಾಡುವುದು ಅಪರೂಪ. ಸಣ್ಣ ಸೂಜಿಯಿಂದ ಬರೀ ಕೋಶಗಳನ್ನು ಹೀರುವುದು ಎಫ್‌ಎನ್‌ಎಸಿ. ದಪ್ಪ ಸೂಜಿಯಿಂದ ಕಡ್ಡಿಯಂಥ ಚೂರು ತೆಗೆಯುವುದು ಕೋರ್ ಬಯಾಪ್ಸಿ. ಸ್ತನದ ಗಂಟಿಗೆ ಎಫ್‌ಎನ್‌ಎಸಿ ಸಾಲದು, ಕೋರ್ ಬಯಾಪ್ಸಿಯೇ ಬೇಕು. ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ಚೂರಿನ ಮೇಲೆ ಇನ್ನಷ್ಟು ಪರೀಕ್ಷೆಗಳಿವೆ.

ಇಲ್ಲಿ ಆಗುವ ದೊಡ್ಡ ತಪ್ಪುಗಳು ಮೂರು.

ತೊಡೆಯಲ್ಲೋ ತೋಳಿನಲ್ಲೋ ಆಳದಲ್ಲಿ ಬೆಳೆಯುತ್ತಿರುವ ಗಂಟನ್ನು “ಕೊಬ್ಬಿನ ಗಡ್ಡೆ” ಎಂದು ಸ್ಕ್ಯಾನ್ ಇಲ್ಲದೆ ಕತ್ತರಿಸಿ ತೆಗೆಸುವುದು ಮೊದಲನೆಯದು. ಅದು ಸಾರ್ಕೋಮವಾಗಿದ್ದರೆ ಸುತ್ತಲಿನ ಅಂಗಾಂಶಕ್ಕೆಲ್ಲ ಕೋಶಗಳು ಅಂಟಿ, ಮುಂದೆ ಬಹಳ ದೊಡ್ಡ ಆಪರೇಷನ್ ಬೇಕಾಗುತ್ತದೆ. 5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಇಲ್ಲವೇ ಆಳದಲ್ಲಿದ್ದು ಬೆಳೆಯುತ್ತಿದ್ದರೆ ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ.

ಎರಡನೆಯದು, ಕತ್ತಿನ ಗಂಟಿಗೆ ಬಯಾಪ್ಸಿಗೆ ಮೊದಲೇ ಸ್ಟೆರಾಯ್ಡ್ ಕೊಡಿಸುವುದು. ಲಿಂಫೋಮ ಸ್ಟೆರಾಯ್ಡಿಗೆ ತಾತ್ಕಾಲಿಕವಾಗಿ ಕರಗುತ್ತದೆ. ಆಮೇಲೆ ಚೂರು ತೆಗೆದರೆ ಏನೂ ಸಿಗುವುದಿಲ್ಲ.

ಮೂರನೆಯದು ಮುಂಬೈಯಲ್ಲಿ ಬಹಳ. ಟಿಬಿ ಇಲ್ಲಿ ಮನೆಮಾತು. ಎಕ್ಸ್‌ರೇಯಲ್ಲಿ ಕಲೆ ಕಂಡ ಕೂಡಲೇ ಟಿಬಿ ಮಾತ್ರೆ ಶುರುವಾಗುತ್ತದೆ. ಕಫದಲ್ಲಿ ರೋಗಾಣು ಸಿಗದೆಯೇ ಮಾತ್ರೆ ಶುರುವಾಗಿ, ಒಂದೂವರೆ-ಎರಡು ತಿಂಗಳಾದರೂ ಕೆಮ್ಮು ಇಳಿಯದೆ ತೂಕ ಹೋಗುತ್ತಲೇ ಇದ್ದರೆ ಸಿಟಿ ಸ್ಕ್ಯಾನ್ ಮತ್ತು ಬಯಾಪ್ಸಿ ಕೇಳಿ.

ಇನ್ನು ಸ್ಲೈಡ್ ಮತ್ತು ಬ್ಲಾಕ್. ಟಾಟಾದಂಥ ಕಡೆ ಹೊರಗಿನ ರಿಪೋರ್ಟಿನ ಕಾಗದವೊಂದನ್ನೇ ನಂಬಿ ಚಿಕಿತ್ಸೆ ಶುರು ಮಾಡುವುದಿಲ್ಲ, ಚೂರನ್ನು ತಾವೇ ಮತ್ತೆ ನೋಡುತ್ತಾರೆ. ಸ್ಲೈಡ್ ಎಂದರೆ ಬೆರಳುದ್ದದ ಗಾಜಿನ ಪಟ್ಟಿ, ನಡುವೆ ನೇರಳೆ-ಗುಲಾಬಿ ಬಣ್ಣದ ತೆಳುವಾದ ಕಲೆ. ಬ್ಲಾಕ್ ಎಂದರೆ ಹೆಬ್ಬೆಟ್ಟಿನಗಲದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿದ ಬಿಳಿ ಮೇಣದ ತುಂಡು. ಮೇಣವನ್ನು ಬೆಳಕಿಗೆ ಹಿಡಿದರೆ ಒಳಗೆ ಕಂದು ಚೂರು ಕಾಣುತ್ತದೆ, ಅದೇ ನಿಮ್ಮವರ ಗಡ್ಡೆ. ಅಂಚಿನಲ್ಲಿ ಪೆನ್ಸಿಲಿನಿಂದಲೋ ಅಚ್ಚಿನಿಂದಲೋ ನಂಬರ್ ಇರುತ್ತದೆ. ಆ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯೇ ಎಂದು ಲ್ಯಾಬಿನ ಕೌಂಟರಿನಲ್ಲೇ ಹೊಂದಿಸಿ ನೋಡಿ. ಕಲಬುರಗಿಯ ಲ್ಯಾಬಿನಿಂದ ಮುಂಬೈಗೆ ಬಂದ ಮೇಲೆ ನಂಬರ್ ತಪ್ಪು ಎಂದು ತಿಳಿದರೆ ಒಂದು ವಾರ ಹೋಯಿತೆಂದೇ ಲೆಕ್ಕ. ಸ್ಲೈಡ್‌ಗಳನ್ನು ಅವುಗಳ ಪೆಟ್ಟಿಗೆಯಲ್ಲೇ ಇಡಿ. ಬ್ಲಾಕನ್ನು ಬಿಸಿಲಿಗೆ ನಿಂತ ಕಾರಿನಲ್ಲಿ, ಎಂಜಿನ್ ಬಳಿ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಫ್ರಿಜ್ಜಿನ ಅಗತ್ಯವೂ ಇಲ್ಲ. “ಬ್ಲಾಕ್ ಕೊಡುವುದಿಲ್ಲ” ಎಂದು ಲ್ಯಾಬಿನವರು ಹೇಳಿದರೆ ಡಾಕ್ಟರರ ಚೀಟಿ ತಂದು, ಸಹಿ ಹಾಕಿ ಪಡೆಯಿರಿ.

ಹೆಜ್ಜೆ 4: ರಿಪೋರ್ಟನ್ನು ಓದಿ

ಹೆಚ್ಚು ಜನರಿಗೆ ಬರುವ ಒಂದು ಸಾಲು: “ಮಾಡರೇಟ್ಲಿ ಡಿಫರೆನ್ಶಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮ.” ಹಿಂದಿನಿಂದ ಓದಿ. ಕಾರ್ಸಿನೋಮ ಎಂದರೆ ಹೊದಿಕೆಯ ಕೋಶದ ಕ್ಯಾನ್ಸರ್. ಸ್ಕ್ವಾಮಸ್ ಎಂದರೆ ಚಪ್ಪಟೆ ಕೋಶಗಳದ್ದು, ಬಾಯಿ ಗಂಟಲಿನಲ್ಲಿ ಇದೇ ಹೆಚ್ಚು. ಮಾಡರೇಟ್ಲಿ ಡಿಫರೆನ್ಶಿಯೇಟೆಡ್ ಎಂದರೆ ಕೋಶಗಳು ಮೂಲದ ರೂಪವನ್ನು ಅರ್ಧ ಉಳಿಸಿಕೊಂಡಿವೆ. ಇದೇ ಗ್ರೇಡ್, ಈ ಸಾಲಿನಲ್ಲಿ ಗ್ರೇಡ್ 2.

ಗ್ರೇಡ್ ಹೇಳುವುದು ಕೋಶ ಎಷ್ಟು ಕೆಟ್ಟಂತೆ ಕಾಣುತ್ತದೆ ಎಂಬುದನ್ನು. ಸ್ಟೇಜ್ ಹೇಳುವುದು ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು. ಗ್ರೇಡ್ 3 ಇದ್ದೂ ಮೊದಲನೇ ಸ್ಟೇಜ್ ಇರಬಹುದು. ಇವೆರಡನ್ನು ಬೆರೆಸಿ ಬಂಧುಗಳಿಗೆಲ್ಲ ಫೋನ್ ಮಾಡುವ ಮೊದಲು ಒಂದು ದಿನ ತಡೆಯಿರಿ.

‘ಇನ್ ಸೈಟು’ ಎಂದಿದ್ದರೆ ಕೋಶಗಳು ತಮ್ಮ ಪದರ ದಾಟಿಲ್ಲ ಎಂದರ್ಥ, ಅದು ಒಳ್ಳೆಯ ಸುದ್ದಿ. ‘ಇನ್ವೇಸಿವ್’ ಎಂದರೆ ದಾಟಿವೆ. ಆಪರೇಷನ್ ಆದ ಮೇಲಿನ ರಿಪೋರ್ಟಿನಲ್ಲಿ ‘ಮಾರ್ಜಿನ್’ ನೋಡಿ. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ನೆಗೆಟಿವ್ ಅಥವಾ ಫ್ರೀ. ಸ್ತನದ ಕ್ಯಾನ್ಸರಿನಲ್ಲಿ ಇಆರ್, ಪಿಆರ್ (ಹೆಣ್ಣು ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳು) ಪಾಸಿಟಿವ್ ಎಂದರೆ ಗಡ್ಡೆ ಹಾರ್ಮೋನಿನಿಂದ ಬೆಳೆಯುತ್ತದೆ, ಹಾಗಾಗಿ ಹಾರ್ಮೋನ್ ತಡೆಯುವ ಮಾತ್ರೆ ನಾಟುತ್ತದೆ. ಇಲ್ಲಿ ‘ಪಾಸಿಟಿವ್’ ಎಂಬ ಪದಕ್ಕೆ ಹೆದರಬೇಡಿ. ಹರ್2 ಎಂಬ, ಕೋಶವನ್ನು ಬೆಳೆಯಲು ಪ್ರಚೋದಿಸುವ ಪ್ರೋಟೀನಿಗೆ ಅಂಕ ಕೊಡುತ್ತಾರೆ: 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್. 2+ ಬಂದರೆ ಅದು ತೀರ್ಮಾನವಲ್ಲ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು. ಆ 2+ನಲ್ಲೇ ನಿಂತುಹೋದ ಫೈಲುಗಳು ಕಡಿಮೆಯಲ್ಲ.

ಹೆಜ್ಜೆ 5: ಸ್ಕ್ಯಾನ್, ಆಮೇಲೆ ಸ್ಟೇಜ್

ಮೈಯಲ್ಲಿ ರೋಗ ಎಲ್ಲೆಲ್ಲಿದೆ ಎಂದು ಒಟ್ಟಿಗೆ ತೋರಿಸುವ ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ಬಾಯಿಯ ಸಣ್ಣ ಹುಣ್ಣಿಗೆ, ಶುರುವಿನ ಸ್ತನದ ಗಂಟಿಗೆ ಸಾಮಾನ್ಯವಾಗಿ ಬೇಡ. ತೋರಿಸಿಕೊಳ್ಳುವ ಮೊದಲೇ ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡು ಬರಬೇಡಿ. ಬೇಕೆಂದು ಬರೆದುಕೊಟ್ಟರೆ 4ರಿಂದ 6 ತಾಸು ಉಪವಾಸವಿರಬೇಕು, ಬರೀ ನೀರು ಕುಡಿಯಬಹುದು. ಚುಚ್ಚುಮದ್ದಾಗಿ ಕೊಡುವುದು ವಿಕಿರಣ ಸೂಸುವ ಸಕ್ಕರೆ, ಹಾಗಾಗಿ ರಕ್ತದ ಸಕ್ಕರೆ 200ಕ್ಕಿಂತ ಮೇಲಿದ್ದರೆ ಚಿತ್ರ ಕೆಡುತ್ತದೆ, ವಾಪಸ್ ಕಳಿಸಬಹುದು. ಮಧುಮೇಹವಿದ್ದರೆ ಬುಕ್ ಮಾಡುವಾಗಲೇ ಮಾತ್ರೆಗಳ ಹೆಸರು ಹೇಳಿ. ಚುಚ್ಚಿದ ಮೇಲೆ ಒಂದು ತಾಸು ಸುಮ್ಮನೆ ಕೂರಿಸುತ್ತಾರೆ. ಆಗ ಮಾತಾಡಿದರೆ ಗಂಟಲಿನ ಸ್ನಾಯು, ನಡೆದಾಡಿದರೆ ಕಾಲಿನ ಸ್ನಾಯು ಸಕ್ಕರೆ ಹೀರಿ ಹೊಳೆಯುತ್ತವೆ. ಆ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಮನೆ ಒಂದೇ ಖೋಲಿಯದಾಗಿದ್ದು ಗರ್ಭಿಣಿಯೋ ಎಳೆಗೂಸೋ ಇದ್ದರೆ ಆ ದಿನ ಅವರನ್ನು ನೆರೆಮನೆಯಲ್ಲಿ ಉಳಿಸುವುದು ಒಳ್ಳೆಯದು.

ಒಂದು ಎಚ್ಚರ: ಪೆಟ್‌ನಲ್ಲಿ ಟಿಬಿಯ ನೋಡ್ ಕೂಡ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಎದೆಯ ಒಂದು ನೋಡ್ ಹೊಳೆಯಿತೆಂದು ನಾಲ್ಕನೇ ಸ್ಟೇಜ್ ಎಂದು ಯಾರಾದರೂ ಹೇಳಿದರೆ, ಆ ನೋಡಿನ ಬಯಾಪ್ಸಿ ಆಗಬೇಕೇ ಎಂದು ಕೇಳುವುದು ನಿಮ್ಮ ಹಕ್ಕು.

ಸ್ಟೇಜ್ ಬರೆಯುವುದು ಟಿ, ಎನ್, ಎಂ ಎಂಬ ಮೂರು ಅಕ್ಷರಗಳಲ್ಲಿ. ಟಿ ಎಂದರೆ ಗಡ್ಡೆಯ ಗಾತ್ರ ಮತ್ತು ಆಳ, ಎನ್ ಎಂದರೆ ನೋಡ್‌ಗಳು, ಎಂ ಎಂದರೆ ದೂರದ ಅಂಗಕ್ಕೆ ಹೋಗಿದೆಯೇ ಎಂಬುದು. ಬಾಯಿಯ ಹುಣ್ಣು 3 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ಆಳವಿದ್ದು, ಕತ್ತಿನ ಅದೇ ಬದಿಯಲ್ಲಿ 2 ಸೆಂಟಿಮೀಟರಿನ ಒಂದು ನೋಡ್ ಇದ್ದು, ರೋಗ ಅದರ ಹೊದಿಕೆ ದಾಟದೆ, ಬೇರೆಲ್ಲೂ ಹೋಗದಿದ್ದರೆ ಅದು ಟಿ2 ಎನ್1 ಎಂ0, ಅಂದರೆ ಮೂರನೇ ಸ್ಟೇಜ್. ಬಾಯಿಯ ಕ್ಯಾನ್ಸರಿನಲ್ಲಿ ನಾಲ್ಕನೇ ಸ್ಟೇಜಿಗೆ ಎ, ಬಿ, ಸಿ ಎಂಬ ಭಾಗಗಳಿವೆ. 4ಎ ಎಂದರೆ ರೋಗ ದೂರಕ್ಕೆ ಹೋಗಿಲ್ಲ, ದವಡೆಯಂಥ ಪಕ್ಕದ ಭಾಗಕ್ಕೋ ಹೆಚ್ಚು ನೋಡ್‌ಗಳಿಗೋ ಹೋಗಿದೆ. ಅದನ್ನು ಗುಣವಾಗಲಿ ಎಂದೇ ಆಪರೇಷನ್ ಮಾಡುತ್ತಾರೆ. “ನಾಲ್ಕನೇ ಸ್ಟೇಜ್, ಊರಿಗೆ ಕರೆದುಕೊಂಡು ಹೋಗಿ” ಎಂಬ ಮಾತು ಕೇಳಿ ಇಂಥವರನ್ನು ವಾಪಸ್ ಕರೆದೊಯ್ಯುವುದು ದುಃಖದ ಸಂಗತಿ. ದಯವಿಟ್ಟು ಆ ಅಕ್ಷರವನ್ನು ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 6: ಪರೇಲ್‌ಗೆ ಹೋಗುವ ದಿನ

ಟಾಟಾ ಮೆಮೋರಿಯಲ್ ಆಸ್ಪತ್ರೆ ಪರೇಲ್‌ನಲ್ಲಿದೆ. 1941ರಲ್ಲಿ ಶುರುವಾದದ್ದು, 1962ರಿಂದ ಕೇಂದ್ರದ ಪರಮಾಣು ಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಸೆಂಟ್ರಲ್ ಲೈನಿನವರು ಪರೇಲ್‌ನಲ್ಲಿ, ವೆಸ್ಟರ್ನ್ ಲೈನಿನವರು ಪ್ರಭಾದೇವಿಯಲ್ಲಿ ಇಳಿಯಬೇಕು. ಊರಿಂದ ಹುಬ್ಬಳ್ಳಿ-ದಾದರ್ ಗಾಡಿಯಲ್ಲಿ ಬರುವವರಿಗೆ ದಾದರ್‌ನಿಂದ ಟ್ಯಾಕ್ಸಿ ಸುಲಭ. ಇದೇ ಸಂಸ್ಥೆಯ ಇನ್ನೊಂದು ಆವರಣ ನವಿಮುಂಬೈಯ ಖಾರ್‌ಘರ್‌ನಲ್ಲಿದೆ, ಚೀಟಿಯಲ್ಲಿ ‘ಆಕ್ಟ್ರೆಕ್’ ಎಂದು ಬರೆದಿದ್ದರೆ ಅಲ್ಲಿಗೆ ಹೋಗಬೇಕು. ಪರೇಲ್‌ಗೆ ಬಂದು ತಿಳಿದರೆ ಅರ್ಧ ದಿನ ಹೋಗುತ್ತದೆ.

ಒಯ್ಯಬೇಕಾದ್ದು:

- ರೋಗಿಯ ಆಧಾರ್ ಕಾರ್ಡು ಮತ್ತು ರೇಷನ್ ಕಾರ್ಡು, ಮೂಲಪ್ರತಿ ಹಾಗೂ ಎರಡೆರಡು ಜೆರಾಕ್ಸ್
- ಬಯಾಪ್ಸಿ ರಿಪೋರ್ಟ್, ಸ್ಲೈಡ್, ಬ್ಲಾಕ್
- ಸ್ಕ್ಯಾನಿನ ಸಿಡಿ. ಬರೀ ಫಿಲ್ಮ್ ಸಾಲದು, ಸಿಡಿ ತೆರೆಯುತ್ತದೆಯೇ ಎಂದು ಮೊದಲೇ ನೋಡಿ
- ಹಳೆಯ ಡಿಸ್ಚಾರ್ಜ್ ಕಾಗದಗಳು, ಆಪರೇಷನ್ ಆಗಿದ್ದರೆ ಅದರ ಟಿಪ್ಪಣಿ
- ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಹೆಸರು ಕಾಣುವ ಪಟ್ಟಿಯ ಸಮೇತ

ನೋಂದಣಿಯಲ್ಲಿ ಜನರಲ್, ಪ್ರೈವೇಟ್ ಎಂದು ಎರಡು ವರ್ಗಗಳಿವೆ. ಖರ್ಚಿನಲ್ಲಿ ಬಹಳ ಅಂತರ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು, ಹಾಗಾಗಿ ಮೊದಲ ದಿನದ ಅವಸರದಲ್ಲಿ ಆರಿಸಬೇಡಿ. ಒಟ್ಟು ಅಂದಾಜು ಕೇಳಿ ತೀರ್ಮಾನಿಸಿ. ಫೈಲ್ ನಂಬರ್ ಸಿಕ್ಕ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗೆ ಕಳಿಸಿ. ಹಣ ಕೊಟ್ಟರೆ ಬೇಗ ನಂಬರ್ ಕೊಡಿಸುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮಾತಿನ ತೊಡಕೂ ಉಂಟು. ಊರಿಂದ ಬಂದ ಹಿರಿಯರಿಗೆ ಹಿಂದಿ, ಮರಾಠಿ ಬಾರದಿದ್ದರೆ ಬರುವವರೊಬ್ಬರು ಜೊತೆಗಿರಲೇಬೇಕು. ಡಾಕ್ಟರರು ‘ಗಾಂಠ್’ ಎಂದರೆ ಗಂಟು, ‘ಗಿಲ್ಟಿ’ ಎಂದರೆ ನೋಡ್, ‘ಸಿಕಾಯಿ’ ಅಥವಾ ‘ಸೇಕ್’ ಎಂದರೆ ರೇಡಿಯೇಷನ್. ಈ ‘ಸೇಕ್’ ಎಂಬುದನ್ನು ಬಿಸಿನೀರಿನ ಶಾಖ ಎಂದುಕೊಂಡು ಮನೆಗೆ ಹೋದವರುಂಟು.

ದುಡ್ಡಿನ ವಿಷಯ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಇಲ್ಲಿನ ವಾಸದ ದಾಖಲೆ ಕೇಳುತ್ತಾರೆ. ಮೂವತ್ತು ವರ್ಷ ಮುಂಬೈಯಲ್ಲೇ ಇದ್ದು ರೇಷನ್ ಕಾರ್ಡನ್ನು ಊರಲ್ಲೇ ಉಳಿಸಿಕೊಂಡ ನಮ್ಮವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕರ್ನಾಟಕದ ಕಾರ್ಡಿದ್ದವರು ಆಯುಷ್ಮಾನ್ ಕಾರ್ಡ್ ಮಾಡಿಸಿ ತನ್ನಿ. ಮಂಜೂರಾತಿ ಚಿಕಿತ್ಸೆಗೆ ಮೊದಲು ಆಗಬೇಕು. ಕಟ್ಟಿದ ಬಿಲ್ಲು ಹಿಡಿದು ಆಮೇಲೆ ಕೇಳಿದರೆ ವಾಪಸ್ ಸಿಗುವ ನೆಚ್ಚಿಕೆ ಇಲ್ಲ. ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಮೊದಲ ವಾರದಲ್ಲೇ ಹೋಗಿ, ಧರ್ಮಶಾಲೆಯ ಜಾಗಕ್ಕೂ ಅಲ್ಲೇ ವಿಚಾರಿಸಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಶೇ. 100, ಜೊತೆಗೆ ಬರುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಅದರ ನಮೂನೆಗೆ ಡಾಕ್ಟರರ ಸಹಿ, ಮೊಹರು ಹಾಕಿಸಿಕೊಳ್ಳಿ. ಮುಂಬೈ ಲೋಕಲಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣಿಸಬಹುದು, ಆಸ್ಪತ್ರೆಯ ಕಾರ್ಡು ಕೈಯಲ್ಲಿರಲಿ.

ಹೆಜ್ಜೆ 7: ಚಿಕಿತ್ಸೆ ಶುರುವಾಗುವ ಮುನ್ನ

ಡಾಕ್ಟರರನ್ನು ಒಂದು ಪ್ರಶ್ನೆ ನೇರವಾಗಿ ಕೇಳಿ: “ಈ ಚಿಕಿತ್ಸೆ ಗುಣಪಡಿಸಲೋ, ರೋಗವನ್ನು ಹಿಡಿದಿಡಲೋ?” ಉತ್ತರ ಎರಡನೆಯದಾದರೂ ಚಿಕಿತ್ಸೆಗೆ ಅರ್ಥವಿದೆ, ಆದರೆ ಹೊಲ ಮಾರುವ ತೀರ್ಮಾನವನ್ನು ಆ ಉತ್ತರ ತಿಳಿದ ಮೇಲೆ ಮಾಡಬೇಕು.

ಬಾಯಿ, ಗಂಟಲಿಗೆ ರೇಡಿಯೇಷನ್ ಇದ್ದರೆ ಮೊದಲು ಹಲ್ಲಿನ ಡಾಕ್ಟರರು ನೋಡಬೇಕು. ಕೆಟ್ಟ ಹಲ್ಲನ್ನು ಎರಡು-ಮೂರು ವಾರ ಮುಂಚೆ ಕೀಳಿಸಿ ಗಾಯ ಮಾಯಬೇಕು. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕಿತ್ತರೆ ಎಲುಬು ಮಾಯದೆ ಕೊಳೆಯುವ ಅಪಾಯ ವರ್ಷಗಳ ನಂತರವೂ ಇರುತ್ತದೆ. ಬಾಯಿ ಎಷ್ಟು ತೆರೆಯುತ್ತದೆ ನೋಡಿ: ರೋಗಿಯದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಎರಡೇ ಹಿಡಿಸಿದರೆ ಬಾಯಿ ತೆರೆಯುವ ವ್ಯಾಯಾಮವನ್ನು ಇಂದೇ ಕೇಳಿ ಕಲಿಯಿರಿ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರು-ಏಳು ವಾರ ರೇಡಿಯೇಷನ್. ನಡುವೆ ಹಬ್ಬ, ಮದುವೆ ಎಂದು ಬಿಟ್ಟರೆ ಗಡ್ಡೆಯ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಒಂದು ದಿನವೂ ತಪ್ಪಿಸಬೇಡಿ.

ಊಟ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ, ಹಾಲು ಕುಡಿದರೆ ಬೆಳೆಯುತ್ತದೆ, ಇಂಥವನ್ನು ನಂಬಿ ರೋಗಿಯನ್ನು ಉಪವಾಸ ಕೆಡವಬೇಡಿ. ಮೂತ್ರಪಿಂಡ ಸರಿಯಿದ್ದರೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 60ರಿಂದ 90 ಗ್ರಾಂ. ರಾಗಿ ಗಂಜಿ, ಸಾಬುದಾನಿಯಿಂದ ಅಷ್ಟು ಬರುವುದಿಲ್ಲ. ಮೂರು ಬೇಯಿಸಿದ ಮೊಟ್ಟೆಯಲ್ಲಿ 18, ಅರ್ಧ ಲೀಟರ್ ಹಾಲಿನಲ್ಲಿ 16, ಎರಡು ಬಟ್ಟಲು ಗಟ್ಟಿ ಬೇಳೆಯಲ್ಲಿ ಸುಮಾರು 14, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ಉಳಿದದ್ದು ಅನ್ನ, ಚಪಾತಿ, ಮೊಸರಿನಿಂದ ಸೇರುತ್ತದೆ. ಬಾಯಿ ಹುಣ್ಣಾದಾಗ ಖಾರ ಬಿಟ್ಟು ಮೆತ್ತಗೆ ಕಲಸಿದ ಮೊಸರನ್ನ, ಬೇಳೆ ಕಟ್ಟು, ಹಾಲಿನಲ್ಲಿ ನೆನೆಸಿದ ಚಪಾತಿ ಕೊಡಿ.

ಮೂಗಿನ ನಳಿಗೆ, ಅಂದರೆ ರೈಲ್ಸ್ ಟ್ಯೂಬ್ ಹಾಕಿದ್ದರೆ: ಒರಗಿಸಿ ಕೂರಿಸಿ, ಒಂದು ಸಲಕ್ಕೆ 200ರಿಂದ 250 ಮಿಲಿಲೀಟರ್, ಎರಡು-ಮೂರು ತಾಸಿಗೊಮ್ಮೆ, ನಿಧಾನಕ್ಕೆ ಬಿಡಿ. ಮಿಕ್ಸಿಯಲ್ಲಿ ನುಣ್ಣಗೆ ಅರೆದು ಸೋಸಿರಬೇಕು. ಕೊನೆಗೆ 30-50 ಮಿಲಿಲೀಟರ್ ಕುದಿಸಿ ಆರಿಸಿದ ನೀರು ಬಿಟ್ಟು ನಳಿಗೆ ತೊಳೆಯಿರಿ. ಅರ್ಧ ತಾಸು ಮಲಗಿಸಬೇಡಿ. ನಳಿಗೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಸರಿಯಾಗಿ ಪುಡಿಯಾಗದ ಮಾತ್ರೆಯಿಂದ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ, ಮೊದಲು ಕೇಳಿ. ಮೂಗಿನ ಬಳಿ ಟ್ಯೂಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿಡಿ. ಗುರುತು ಜರುಗಿದ್ದರೆ ಏನನ್ನೂ ಬಿಡದೆ ಆಸ್ಪತ್ರೆಗೆ ಹೋಗಿ.

ಹೆಜ್ಜೆ 8: ಮನೆಯಲ್ಲಿ ಎಚ್ಚರ ತಪ್ಪಬಾರದ ಸಂಗತಿಗಳು

ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ ಬರುವ ಜ್ವರ ಕೆಲವೇ ತಾಸುಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. 100.4 ಡಿಗ್ರಿ ಮುಟ್ಟಿದರೆ, ರಾತ್ರಿ ಎರಡಾದರೂ, ಕೀಮೋ ಕಾರ್ಡು ಹಿಡಿದು ಎಮರ್ಜೆನ್ಸಿಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಮುಂಬೈಯಲ್ಲಿ ಮಲೇರಿಯಾ, ಡೆಂಗಿ ಇದ್ದದ್ದೇ ಎಂದುಕೊಂಡು ಓಣಿಯ ಕ್ಲಿನಿಕ್ಕಿಗೆ ಹೋಗಬೇಡಿ. ದೂರದ ವಸಯಿ, ಬದಲಾಪುರದಲ್ಲಿ ಇರುವವರು ರಾತ್ರಿ ತೆರೆದಿರುವ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೆಂದು ಮೊದಲ ಕೀಮೋದ ದಿನವೇ ಡಾಕ್ಟರರನ್ನು ಕೇಳಿಟ್ಟುಕೊಳ್ಳಿ. ಅಲ್ಲಿ ಹೇಳಬೇಕಾದ ಮೊದಲ ಮಾತು “ಕೀಮೋ ಆಗಿ ಇಷ್ಟು ದಿನವಾಯಿತು, ಜ್ವರ ಇಷ್ಟು” ಎಂದು.

ಬೆನ್ನುನೋವಿನ ಜೊತೆ ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಅದೇ ದಿನ ಎಂಆರ್‌ಐ ಆಗಬೇಕು. ನಡೆಯುತ್ತಿದ್ದಾಗಲೇ ಹೋದವರು ಹೆಚ್ಚಾಗಿ ನಡೆಯುತ್ತಲೇ ಉಳಿಯುತ್ತಾರೆ, ಕಾಲು ಪೂರ್ತಿ ಬಿದ್ದ ಮೇಲೆ ಹೋದರೆ ಮತ್ತೆ ಎದ್ದು ನಡೆಯುವುದು ಕಷ್ಟ. ಮುಖ, ಕತ್ತು ಬಾತು ಉಸಿರು ಕಟ್ಟಿದರೂ, ಬಾಯಿಯ ಹುಣ್ಣಿನಿಂದಲೋ ಕತ್ತಿನಿಂದಲೋ ರಕ್ತ ಚಿಮ್ಮಿದರೂ ತಕ್ಷಣ ಹೊರಡಿ. ರಕ್ತ ಬರುವ ಜಾಗವನ್ನು ಮಡಚಿದ ಸ್ವಚ್ಛ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿದಿರಿ.

ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಕೊನೆಗಾಲ ಬಂತೆಂದಲ್ಲ. ತಾಸಿನ ಲೆಕ್ಕದಲ್ಲಿ, ನೋವು ಬರುವ ಮೊದಲೇ ಕೊಟ್ಟರೆ ಕಡಿಮೆ ಪ್ರಮಾಣ ಸಾಕಾಗುತ್ತದೆ. ಅದರಿಂದ ಮಲಬದ್ಧತೆ ಖಂಡಿತ ಬರುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಬರೆಸಿಕೊಳ್ಳಿ. ರೋಗ ಗುಣವಾಗದ ಹಂತಕ್ಕೆ ಬಂದಿದ್ದರೆ ನೋವು ನೋಡಿಕೊಳ್ಳುವ ಪ್ಯಾಲಿಯೇಟಿವ್ ವಿಭಾಗಕ್ಕೆ ಹೋಗಿ. ಬಾಂದ್ರಾದಲ್ಲಿ 1986ರಿಂದ ನಡೆಯುತ್ತಿರುವ ಶಾಂತಿ ಆವೇದನಾ ಸದನದಂಥ ಆಸರೆಯೂ ಇದೆ. ಮಾರ್ಫಿನ್ ಡಬ್ಬಿಯ ಮೇಲೆ ಕೊಟ್ಟ ಹೊತ್ತನ್ನು ಬರೆಯುತ್ತ ಹೋಗಿ, ರಾತ್ರಿ ಮಗ, ಹಗಲು ಸೊಸೆ ನೋಡಿಕೊಳ್ಳುವ ಮನೆಯಲ್ಲಿ ಒಂದೇ ಹೊತ್ತಿನ ಮಾತ್ರೆಯನ್ನು ಎರಡು ಸಲ ಕೊಡುವುದು ಹೀಗೆ ಬರೆದಿಡದಿದ್ದಾಗಲೇ ಆಗುತ್ತದೆ.